ಪಾಸು ಭಿಕ್ಷೆಯಲ್ಲ, ಬಸ್ಸು ದಾನವಲ್ಲ

ಜನ ಬಸ್ ಪಾಸು ಯಾಕೆ ತಗೋತಾರೆ? ಪಂಡಿತರಿಗೆ ಇದೊಂದು ಸಂಶೋಧನೆಯ ವಿಷಯ. ದುಡ್ಡು ಉಳಿಯುತ್ತೆ, ಚಿಲ್ಲರೆ ಕಾಟ ತಪ್ಪುತ್ತೆ, ಎಷ್ಟು ಸಲ ಬೇಕಾದರೂ ಹತ್ತಿ ಇಳೀಬಹುದು ಅನ್ನುತ್ತಾರೆ. ಸುಳ್ಳಲ್ಲ. ಆದರೆ ಇದು ಜೇಬು ತುಂಬಿದವರ ಲೆಕ್ಕ. ಕೇರಿಯ ಲೆಕ್ಕ ಬೇರೆ. ಅದನ್ನು ನಾವೇ ಹೇಳಬೇಕು.

2025ರ ಜನವರಿಯಲ್ಲಿ ದರ ಏರಿಸಿದಾಗ ಬೆಂಗಳೂರಿನ ಸಾಮಾನ್ಯ ಬಸ್ಸಿನ ತಿಂಗಳ ಪಾಸು 1,050ರಿಂದ 1,200 ರೂಪಾಯಿ ಆಯಿತು. ವಾರದ್ದು 350, ದಿನದ್ದು 80. ಕೂಡಿ ನೋಡಿ. ನಾಲ್ಕು ವಾರಕ್ಕೆ 1,400. ಇಪ್ಪತ್ತೈದು ದಿನ ದಿನಾ ಕೊಂಡರೆ 2,000. ಹಾಗಿದ್ದರೆ ಗಾರೆ ಕೆಲಸಕ್ಕೆ ಹೋಗುವ ನಮ್ಮಣ್ಣ ತಿಂಗಳ ಪಾಸು ಯಾಕೆ ತಗೊಳ್ಳಲ್ಲ? ಲೆಕ್ಕ ಬರಲ್ಲ ಅಂತಲ್ಲ. ಒಂದೇ ಸಲಕ್ಕೆ 1,200 ಅವನ ಕೈಲಿರಲ್ಲ. ನಾಳೆ ಕೂಲಿ ಉಂಟೋ ಇಲ್ಲವೋ ಅದೂ ಗೊತ್ತಿಲ್ಲ. ಸಂಬಳದವನಿಗೆ ಅಗ್ಗ, ಕೂಲಿಯವನಿಗೆ ದುಬಾರಿ. ಬಡತನಕ್ಕೂ ದಂಡ ಹಾಕುವ ನ್ಯಾಯ ಇದು!

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ನಮ್ಮ ಅವ್ವ ಅಕ್ಕಂದಿರು ಸಾಮಾನ್ಯ ಸರ್ಕಾರಿ ಬಸ್ಸಿಗೆ ಕಾಸಿಲ್ಲದೆ ಹತ್ತಿದರು. ತಕ್ಷಣ ‘ಬಿಟ್ಟಿ ತಿರುಗಾಟ’ ಅಂತ ಹಂಗಿಸಿದರು. ಸ್ವಾಮಿ, ತಲೆಮಾರುಗಟ್ಟಲೆ ನಮ್ಮವರಿಂದ ಬಿಟ್ಟಿ ಚಾಕರಿ ಮಾಡಿಸಿಕೊಂಡಾಗ ಈ ಮಾತು ನಿಮ್ಮ ಬಾಯಲ್ಲಿ ಯಾಕೆ ಬರಲಿಲ್ಲ?

1901ರಲ್ಲಿ ಬಾಲಕ ಭೀಮರಾವ್ ಮಸೂರು ಸ್ಟೇಷನ್ನಿನಲ್ಲಿ ಇಳಿದು ಕೋರೆಗಾಂವಿಗೆ ಹೋಗಬೇಕಿತ್ತು. ಜಾತಿ ತಿಳಿದ ಗಾಡಿಯವರು ಹತ್ತಿಸಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು ಹುಡುಗರೇ ಗಾಡಿ ಹೊಡೆದರು. ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ದುಡ್ಡಿತ್ತು, ಗಾಡಿಯಿತ್ತು. ಇಲ್ಲದ್ದು ಹತ್ತುವ ಹಕ್ಕು. ನಮ್ಮ ಜೇಬಿನ ಪಾಸು ಆ ಹಕ್ಕಿನ ಚೀಟಿ. ಯಾರ ಮುಂದೂ ಕೈಕಟ್ಟಿ ನಿಲ್ಲದೆ ಕಾಲೇಜಿಗೆ ಹೋಗಬಹುದು ಅಂತಲೇ ನಾವು ಪಾಸು ತಗೊಳ್ಳೋದು.

ಆದರೆ ಚೀಟಿ ಕೊಟ್ಟು ಬಸ್ಸು ಕೊಡದಿದ್ದರೆ? ಬೆಳಿಗ್ಗೆ ಕೇರಿಯ ಮುಂದೆ ಕೈ ಎತ್ತಿ ನಿಲ್ಲುತ್ತೇವೆ. “ಪಾಸ್‌ನೋರು ಹಿಂದಿನ ಬಸ್ಸಿಗೆ ಬನ್ರೋ!” ಹಿಂದಿನ ಬಸ್ಸು ಬರುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತೆ. ಹಾಜರಿ ಹೋಯಿತು. ಹಾಜರಿ ಹೋದರೆ ಪರೀಕ್ಷೆಗೇ ಕುತ್ತು. ಆಮೇಲೆ ‘ಇವರಿಗೆ ಓದು ಹತ್ತಲ್ಲ’ ಅನ್ನುತ್ತಾರೆ. ಹತ್ತದ್ದು ಓದಲ್ಲ, ಹತ್ತಿಸದ್ದು ಬಸ್ಸು.

ಕಂಡಕ್ಟರ್ ನಮ್ಮ ಶತ್ರುವಲ್ಲ. ಮೂರು ಬಸ್ಸಿನ ಜನರನ್ನು ಒಂದರಲ್ಲಿ ತುಂಬಿಕೊಂಡು ಬೆವರುವ ಅವನೂ ದುಡಿಯುವವನೇ. ಬಸ್ಸು ಕಡಿಮೆ ಬಿಟ್ಟವರನ್ನು ಕೇಳಬೇಕು.

ನಾವು ಕೇಳುವುದು ಮೂರೇ:

1. ಕೂಲಿಯವನು ದಿನದಿನಕ್ಕೆ, ವಾರವಾರಕ್ಕೆ ಕೊಟ್ಟದ್ದು ತಿಂಗಳ ಪಾಸಿನ ದರ ಮುಟ್ಟಿದ ಮೇಲೆ ಆ ತಿಂಗಳು ಮತ್ತೆ ಕಾಸು ಕೇಳಬೇಡಿ.

2. ವಿದ್ಯಾರ್ಥಿ ಪಾಸನ್ನು ಹಾಸ್ಟೆಲಿಗೇ ಬಂದು ಕೊಡಿ. ಅರ್ಜಿಗಾಗಿ ಕ್ಲಾಸು ಬಿಡಿಸಬೇಡಿ.

3. ಮೊದಲ ಪೀರಿಯಡ್ಡಿಗೆ ಮುಟ್ಟುವ ಬಸ್ಸು ಬಿಡಿ. ಕೇರಿಯ ಮುಂದೆ ನಿಲ್ಲಿಸಿ.

ಗೆಳೆಯರೇ, ಸುಮ್ಮನೆ ಬೈದರೆ ಬಸ್ಸು ನಿಲ್ಲಲ್ಲ. ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ ಇಡಿ. ಯಾವ ಬಸ್ಸು, ಎಷ್ಟು ಗಂಟೆಗೆ, ಎಷ್ಟು ಜನರನ್ನು ಬಿಟ್ಟು ಹೋಯಿತು, ದಿನಾ ಬರೆಯಿರಿ. ತಿಂಗಳಾದ ಮೇಲೆ ಎಲ್ಲರೂ ಸಹಿ ಹಾಕಿ, ಎಲ್ಲರೂ ಒಟ್ಟಿಗೆ ಡಿಪೋಗೆ ಹೋಗೋಣ. ಒಬ್ಬ ಹೋದರೆ ಅರ್ಜಿ, ನೂರು ಜನ ಹೋದರೆ ಚಳವಳಿ.

ಜೈ ಭೀಮ್!