ಪ್ರಶ್ನೆಗೆ ಅಂಜುವ ಶ್ರದ್ಧೆ, ಪ್ರಶ್ನೆಗೆ ಅಂಜುವ ತರ್ಕ

2019ರ ಆಗಸ್ಟಿನ ಮಹಾಪೂರ ಇಳಿದು ನಮ್ಮ ಶಿರೋಳ ತಾಲೂಕಿನ ಶಾಲೆಗಳು ಮತ್ತೆ ತೆರೆದ ದಿವಸಗಳವು. ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ನಮ್ಮ ಅಜ್ಜಿ ಯಾರಿಗೂ ಕೆಟ್ಟದ್ದ ಮಾಡಿಲ್ಲರಿ. ಅಕಿ ಮನಿನ ಯಾಕ ಬಿತ್ತರಿ?" ಸಹ್ಯಾದ್ರಿಯ ಮಳೆ, ಜಲಾಶಯಗಳಿಂದ ಬಿಟ್ಟ ನೀರು, ನರಸೋಬವಾಡಿಯಲ್ಲಿ ಪಂಚಗಂಗೆ ಕೃಷ್ಣೆಯನ್ನು ಕೂಡುವ ಬಗೆ, ಎಲ್ಲವನ್ನೂ ನಾವು ಹಲಗೆಯ ಮೇಲೆ ಬರೆದು ತೋರಿಸಿದೆವು. ಹುಡುಗಿ ಸುಮ್ಮನೆ ಕುಳಿತಳು. ಅವಳು ಕೇಳಿದ್ದು ಅದನ್ನಲ್ಲ.

ಈ ಸಂಗತಿಯನ್ನು ಅಧ್ಯಾಪಕ ಬಂಧುಗಳ ಮುಂದಿಟ್ಟಾಗ ಎರಡು ಉತ್ತರಗಳು ಬಂದವು. ಅಂಥ ಪ್ರಶ್ನೆ ಪಠ್ಯಕ್ರಮದಲ್ಲಿಲ್ಲ, ವಿಜ್ಞಾನ ಹೇಳಿದಷ್ಟೇ ಸಾಕು ಎಂದರು ಒಬ್ಬರು. ಹಿಂದಿನ ಪಾಪದ ಫಲವೆಂದು ಹೇಳಿ ಕೂಡ್ರಿಸಿರಿ ಎಂದರು ಇನ್ನೊಬ್ಬರು. ಇವರಿಬ್ಬರೂ ತಮ್ಮನ್ನು ಪರಸ್ಪರ ವಿರೋಧಿಗಳೆಂದು ಭಾವಿಸಿದ್ದಾರೆ! ಮಗುವಿನ ಬಾಯಿ ಮುಚ್ಚಿಸುವುದರಲ್ಲಿ ಇಬ್ಬರದೂ ಒಂದೇ ಮತ.

ಈ ಜೋಡಿ ಹೇಡಿತನಕ್ಕೆ ಉತ್ತರವನ್ನು ನಾವು ಕ್ಯಾಥೋಲಿಕ ಚಿಂತನೆಯಿಂದ ತರುತ್ತಿದ್ದೇವೆ. ನಾವು ಆ ಮತದವರಲ್ಲ. ಒಳ್ಳೆಯ ಬೀಜವನ್ನು ಯಾರ ಹೊಲದಿಂದ ತಂದರೇನು? ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯೊಲೊಜಿಯೆ' ಎಂಬ ಬೃಹದ್ಗ್ರಂಥದಲ್ಲಿ ಪ್ರತಿಯೊಂದು ವಿಷಯವನ್ನೂ ಪೂರ್ವಪಕ್ಷದಿಂದಲೇ ಆರಂಭಿಸುತ್ತಾರೆ. ದೇವರು ಇದ್ದಾನೆಯೇ ಎಂದು ಕೇಳಿಕೊಂಡು ಅವರು ಎದುರಿಗಿಡುವ ಆಕ್ಷೇಪಗಳು ಎರಡು: ದೇವರಿದ್ದರೆ ಕೇಡು ಇರಬಾರದಿತ್ತು, ಮತ್ತು, ನಿಸರ್ಗದ ಕಾರಣಗಳೇ ಸಾಕಾಗಿರುವಾಗ ದೇವರ ಅಗತ್ಯವೇನು? ಮೊದಲನೆಯದು ನಮ್ಮ ಹುಡುಗಿಯ ಪ್ರಶ್ನೆ, ಎರಡನೆಯದು ನಮ್ಮ ವಿಜ್ಞಾನಪ್ರಿಯ ಬಂಧುಗಳ ವಾದ. ಏಳುನೂರು ವರ್ಷಗಳ ಹಿಂದೆಯೇ ಒಬ್ಬ ಸನ್ಯಾಸಿ ಇವೆರಡನ್ನೂ ಕರೆದು ಚಾಪೆ ಹಾಸಿ ಕೂಡ್ರಿಸಿದನು. ಆಮೇಲೆ ಆತ ಕೊಟ್ಟ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ, ನಮಗೂ ಪೂರ್ತಿ ಒಪ್ಪಿಗೆಯಿಲ್ಲ.

ಹಾಗಾದರೆ ಗೆಲಿಲಿಯೋ? ಎಂದು ವಾಚಕರು ಕೇಳುವರು. ಕೇಳಲೇಬೇಕು. 1633ರಲ್ಲಿ ಆತನನ್ನು ಶಿಕ್ಷಿಸಿದ ಚರ್ಚು ತನ್ನವರೇ ಹಾಕಿಕೊಟ್ಟ ದಾರಿಯನ್ನು ಬಿಟ್ಟು ನಡೆಯಿತು. ಅಂದಿನ ನ್ಯಾಯಾಧೀಶರ ತಪ್ಪನ್ನು ಪೋಪ್ ಎರಡನೆಯ ಜಾನ್ ಪಾಲರು ಬಾಯಿಬಿಟ್ಟು ಒಪ್ಪಿದ್ದು 1992ರಲ್ಲಿ, 359 ವರ್ಷಗಳ ಮೇಲೆ. ಅದೇ ಪೋಪರು 1998ರ ಪರಿಪತ್ರದಲ್ಲಿ, ತರ್ಕವನ್ನು ಬಿಟ್ಟ ಶ್ರದ್ಧೆ ಮೂಢನಂಬಿಕೆಯಾಗಿ ಸೊರಗುವುದೆಂದು ಎಚ್ಚರಿಸಿದರು. ಬದುಕಿನ ಅರ್ಥವನ್ನು ಕೇಳಲು ಹಿಂಜರಿಯುವ ತರ್ಕವನ್ನೂ ಅಷ್ಟೇ ಕಟುವಾಗಿ ಟೀಕಿಸಿದರು. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಪ್ರತಿಪಾದಿಸಿದ ಜಾರ್ಜ್ ಲೆಮೇತ್ರರು ಕ್ಯಾಥೋಲಿಕ ಪಾದ್ರಿ. ತಮ್ಮ ಗಣಿತವನ್ನು ದೇವರಿಗೆ ಸಾಕ್ಷಿಯಾಗಿ ಎಳೆದು ತರುವುದು ಅವರಿಗೆ ಸರಿಬರಲಿಲ್ಲ. ಎರಡನ್ನೂ ಪ್ರೀತಿಸಿದವರಿಗೆ ಮಾತ್ರ ಎರಡರ ಗಡಿ ತಿಳಿಯುತ್ತದೆ.

ದೂರದ ಮಾತಾಯಿತೆನ್ನುವವರು ನಮ್ಮ ಊರಿನ ಬಸದಿಯ ಕಡೆಗೇ ನೋಡಲಿ. ಜೈನರ ರತ್ನತ್ರಯದಲ್ಲಿ ಸಮ್ಯಗ್ದರ್ಶನದ ಮಗ್ಗುಲಲ್ಲಿಯೇ ಸಮ್ಯಗ್ಜ್ಞಾನವಿದೆ. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸಿಕೊಳ್ಳಲು ಅಲ್ಲಿಯೂ ಆಸ್ಪದವಿಲ್ಲ.

ಮೂರನೆಯ ಇಯತ್ತೆಯ ಮಕ್ಕಳಿಗೆ ಇದೆಲ್ಲ ಹೆಚ್ಚಾಯಿತು ಎಂಬ ಆಕ್ಷೇಪವನ್ನೂ ಕೇಳಿದ್ದೇವೆ. ಪ್ರಶ್ನೆಯನ್ನು ತಂದವಳು ಮೂರನೆಯ ಇಯತ್ತೆಯವಳೇ. ಮರುದಿನ ನಾವು ಅವಳಿಗೆ, "ನಮಗೂ ಪೂರ್ತಿ ತಿಳಿದಿಲ್ಲವ್ವಾ, ನಿನಗೇನನಿಸುತ್ತದೆ?" ಎಂದೆವು. ಒಂದು ತಾಸು ಇಡೀ ತರಗತಿ ಮಾತಾಡಿತು. ಅಂದಿನ ಗಣಿತದ ಪಾಠ ಉಳಿದೇ ಹೋಯಿತು.