ಅದ್ಭುತ ಕಥೆಗಳೂ ನಮ್ಮ ಬಾಲಿಕೆಯರೂ

ಬಾಲಿಕೆಯರ ಕೈಗೆ ಅದ್ಭುತ ಕಥೆಗಳನ್ನೂ ವಿಜ್ಞಾನದ ಕಲ್ಪಿತ ಕಥೆಗಳನ್ನೂ ಕೊಡುವುದೇಕೆಂದು ಪೋಷಕರಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು. ತೋರಣಗಲ್ಲಿನವರು ಹೀಗೆ ಕೇಳುವುದು ವಿಚಿತ್ರವೇ ಸರಿ. ವಾನರರ ಕಿಷ್ಕಿಂಧೆಯೆಂದು ಜನರು ಹೇಳುವ ಆನೆಗೊಂದಿಯು ನಮಗೆ ದೂರವಲ್ಲ. ಅಂಥ ಕಥೆಗಳನ್ನು ಕೇಳುತ್ತಲೇ ನಮ್ಮ ಮಕ್ಕಳು ಬೆಳೆದಿದ್ದಾರೆ.

ಮೇರಿ ಶೆಲ್ಲಿಯೆಂಬಾಕೆಯು ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಬರೆಯತೊಡಗಿದಾಗ ಆಕೆಗೆ 18 ವರುಷ. ನಮ್ಮ ಹತ್ತನೆಯ ತರಗತಿಯವರಿಗಿಂತ ಎರಡೋ ಮೂರೋ ವರುಷ ದೊಡ್ಡವಳು, ಅಷ್ಟೆ. 1818ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ, ನಿರ್ಮಿಸಿದವನೇ ತೊರೆದುಬಿಟ್ಟ ಜೀವಿಯು ಬಡ ಕುಟುಂಬವೊಂದರ ಮಾತನ್ನು ಮರೆಯಿಂದ ಕೇಳಿ ಭಾಷೆಯನ್ನು ಕಲಿಯುತ್ತದೆ, ಮಿಲ್ಟನ್ ಕವಿಯನ್ನೂ ಓದುತ್ತದೆ, ತನ್ನ ದುಃಖವನ್ನು ತಾನೇ ಹೇಳಿಕೊಳ್ಳುತ್ತದೆ. 1931ರ ಚಲಚ್ಚಿತ್ರವಾದರೋ ಅದರ ಬಾಯಿಂದ ಮಾತನ್ನೇ ಕಿತ್ತುಕೊಂಡಿತು. ಚಿತ್ರವನ್ನು ಮಾತ್ರ ಕಂಡವರಿಗೆ ಉಳಿಯುವುದು ಬರಿಯ ಭಯ. ಆದಕಾರಣ ಮೊದಲು ಪುಸ್ತಕ, ಆಮೇಲೆ ಪರದೆ ಎಂಬುದು ನಮ್ಮ ಶಾಲೆಯ ಕ್ರಮವಾಗಿರುತ್ತದೆ.

ಆದರೂ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ವನ್ನು ನಾವು ಅದಕ್ಕಿಂತಲೂ ಮಿಗಿಲಾಗಿ ಮೆಚ್ಚುತ್ತೇವೆ. ಕೆಲಸಕ್ಕೆ ಬಾರದವನೆಂದು ಊರವರು ಎಣಿಸಿದ ಮಂದಣ್ಣನಲ್ಲಿ ವಿಜ್ಞಾನಿಯಾದ ಕರ್ವಾಲೊ ಒಬ್ಬ ಸೂಕ್ಷ್ಮ ವೀಕ್ಷಕನನ್ನು ಕಾಣುತ್ತಾರೆ. ಯುಗಾಂತರದಿಂದ ಉಳಿದುಬಂದ ಹಾರುವ ಓತಿಯ ಹುಡುಕಾಟಕ್ಕೆ ಅವನ ಕಣ್ಣೇ ಆಧಾರವಾಗುತ್ತದೆ. ಪದವೀಧರರು ಅವನ ಹಿಂದೆ ಕಾಡಿನಲ್ಲಿ ನಡೆಯಬೇಕಾಗುತ್ತದೆ.

ಪರೀಕ್ಷೆಯಲ್ಲಿ ಹಿಂದುಳಿದಳೆಂದು ಮಗಳನ್ನು ಶಾಲೆಯಿಂದ ಬಿಡಿಸಲು ಬರುವ ತಂದೆತಾಯಿಗಳಿಗೆ ನಾವು ಈ ಪುಸ್ತಕವನ್ನೇ ಕೈಗಿತ್ತು, ಇದನ್ನೋದಿ ಒಂದು ವಾರ ತಡೆದು ಬನ್ನಿರೆಂದು ಹೇಳಿ ಕಳುಹಿಸುತ್ತೇವೆ.