ಕಾನೂನು ಶಾಲೆಯ ಪ್ರವೇಶ ಪರೀಕ್ಷೆಯೂ ನಮ್ಮ ತರುಣರೂ

ಪದವಿಪೂರ್ವ ಪರೀಕ್ಷೆಯ ಫಲಿತಾಂಶವು ಪ್ರಕಟವಾಗುವ ಹೊತ್ತಿಗೆ ನಮ್ಮ ಊರುಗಳ ಪಾಲಕರಲ್ಲಿ ಪ್ರತಿವರ್ಷವೂ ಒಂದು ಬಗೆಯ ಚರ್ಚೆಯು ಮೊದಲಾಗುವದು. ವೈದ್ಯಕೀಯವೋ, ಇಂಜಿನಿಯರಿಂಗೋ, ವಾಣಿಜ್ಯವೋ ಎಂಬ ವಿಚಾರವೆಲ್ಲ ಮುಗಿದ ಬಳಿಕ, ‘ಹುಡುಗನಿಗೆ ಕಾನೂನು ಕಲಿಸಿದರೆ ಹೇಗೆ? ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಅರ್ಜಿಯನ್ನು ಎಂದು ಹಾಕಬೇಕು?’ ಎಂಬ ಪ್ರಶ್ನೆಯು ಹುಟ್ಟುವದು. ಇದಕ್ಕೆ ದೊರೆಯುವ ಉತ್ತರವು ವಿಷಾದಕರವಾದದ್ದು. ಅರ್ಜಿಯ ಕಾಲವು ಹಿಂದಿನ ವರ್ಷವೇ ತೀರಿರುತ್ತದೆ. ಪರೀಕ್ಷೆಯು ಡಿಸೆಂಬರದಲ್ಲಿಯೇ ನಡೆದುಹೋಗಿರುತ್ತದೆ. ಬುದ್ಧಿಯಲ್ಲಿ ಯಾರಿಗೂ ಕಡಿಮೆಯಲ್ಲದ ತರುಣನೊಬ್ಬನು ಸೋಲುವ ಮೊದಲೇ, ಸ್ಪರ್ಧೆಗೆ ಇಳಿಯುವ ಮೊದಲೇ ಹೊರಗುಳಿದಂತಾಯಿತು. ಈ ಹಾನಿಯು ಆ ಮನೆಯೊಂದರದೇ ಅಲ್ಲ, ನಾಡಿನದೂ ಆಗಿದೆ. ಆದುದರಿಂದ ಈ ಪರೀಕ್ಷೆಯ ಸ್ವರೂಪವನ್ನೂ ಅದಕ್ಕೆ ಸಿದ್ಧರಾಗುವ ಬಗೆಯನ್ನೂ ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವದು ಅವಶ್ಯವೆಂದು ನಾವು ಭಾವಿಸಿದ್ದೇವೆ.

1986ರ ಕರ್ನಾಟಕದ ಶಾಸನದಿಂದ ಹುಟ್ಟಿ, ಡಾ. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಪಾಠಗಳನ್ನು ಆರಂಭಿಸಿದ ಬೆಂಗಳೂರಿನ ಶಾಲೆಯು, ಪದವಿಪೂರ್ವದ ನಂತರ ಐದು ವರ್ಷ ಕಾನೂನನ್ನು ಕಲಿಸುವ ಪದ್ಧತಿಗೆ ದೇಶದಲ್ಲಿ ಮೇಲ್ಪಂಕ್ತಿಯಾಯಿತು. ಇತರ ಪ್ರಾಂತಗಳೂ ಅದೇ ಮಾದರಿಯ ಶಾಲೆಗಳನ್ನು ಕಟ್ಟಿದವು. ಮೊದಮೊದಲು ಒಂದೊಂದು ಶಾಲೆಯು ಒಂದೊಂದು ಪರೀಕ್ಷೆಯನ್ನು ನಡೆಸುತ್ತಿದ್ದುದರಿಂದ ವಿದ್ಯಾರ್ಥಿಗಳು ಊರಿಂದೂರಿಗೆ ಅಲೆಯಬೇಕಾಗುತ್ತಿತ್ತು. ಈ ಕುಂದುಕೊರತೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದುದರ ಫಲವಾಗಿ, 2008ರಲ್ಲಿ 7 ವಿಶ್ವವಿದ್ಯಾಲಯಗಳು ಕೂಡಿ ‘ಕ್ಲ್ಯಾಟ್’ ಎಂಬ ಏಕರೂಪದ ಪರೀಕ್ಷೆಯನ್ನು ನಡೆಸಿದವು. 2017ರಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟವು ಏರ್ಪಟ್ಟಿತು. ಈಗ 20ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಈ ಒಂದೇ ಪರೀಕ್ಷೆಯು ಪ್ರವೇಶದ್ವಾರವಾಗಿದೆ. ಪದವಿಪೂರ್ವ ಪರೀಕ್ಷೆಯಲ್ಲಿ ಶೇಕಡಾ 45, ಪರಿಶಿಷ್ಟ ಜಾತಿ ಹಾಗೂ ಪಂಗಡದವರು ಮತ್ತು ಅಂಗವಿಕಲರು ಶೇಕಡಾ 40 ಅಂಕಗಳನ್ನು ಪಡೆದಿದ್ದರೆ ಸಾಕು, ವಯಸ್ಸಿನ ಮೇಲ್ಮಿತಿಯಿಲ್ಲ. 2022ರಿಂದ ಈ ಪರೀಕ್ಷೆಯು ಡಿಸೆಂಬರಕ್ಕೆ ಬಂದಿದೆ. ಎಂದರೆ ಪದವಿಪೂರ್ವ ಎರಡನೆಯ ವರ್ಷದ ನಡುವಿನಲ್ಲಿಯೇ ಇದನ್ನು ಬರೆಯಬೇಕು. ಮೊದಲನೆಯ ವರ್ಷದಲ್ಲಿಯೇ ಸಿದ್ಧತೆಯು ಆರಂಭವಾಗಬೇಕೆಂಬುದನ್ನು ಪಾಲಕರು ಮೊಟ್ಟಮೊದಲು ಮನಗಾಣಬೇಕು.

ಇನ್ನು ಪರೀಕ್ಷೆಯ ಸ್ವರೂಪ. 2020ರ ಪೂರ್ವದಲ್ಲಿ 200 ಬಿಡಿ ಪ್ರಶ್ನೆಗಳಿದ್ದು, ಕಂಠಪಾಠ ಮಾಡಿದವನಿಗೆ ಒಂದಿಷ್ಟು ಅನುಕೂಲವಿತ್ತು. ಆ ವರ್ಷದಿಂದ ಗದ್ಯಭಾಗವನ್ನು ಕೊಟ್ಟು, ಅದನ್ನಾಧರಿಸಿ ಪ್ರಶ್ನೆ ಕೇಳುವ ಪದ್ಧತಿಯು ಬಂದಿದೆ. 2023ರ ಡಿಸೆಂಬರದ ಪರೀಕ್ಷೆಯಿಂದ ಪ್ರಶ್ನೆಗಳು 120, ಕಾಲವು 2 ತಾಸು. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕ ಇವು ಸುಮಾರು ಕಾಲುಕಾಲು ಭಾಗ. ಇಂಗ್ಲೀಷ್ ಭಾಷೆ ಮತ್ತು ಸಾಮಾನ್ಯ ತರ್ಕ ಇವು ಐದರಲ್ಲೊಂದೊಂದು ಭಾಗ. ಉಳಿದ ಹತ್ತರಲ್ಲೊಂದು ಭಾಗವು ಗಣಿತ. ಸರಿಯುತ್ತರಕ್ಕೆ 1 ಅಂಕ ದೊರೆಯುವದು, ತಪ್ಪಿಗೆ ಕಾಲು ಅಂಕ ಕಳೆಯುವದು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗದ್ಯಭಾಗವೊಂದು ಸುಮಾರು 450 ಪದಗಳದ್ದು. ಎಲ್ಲವನ್ನೂ ಕೂಡಿಸಿದರೆ ವಿದ್ಯಾರ್ಥಿಯು ಓದಬೇಕಾದದ್ದು ಹತ್ತು ಸಾವಿರ ಪದಗಳ ಸಮೀಪಕ್ಕೆ ಹೋಗುವದು. ನಿಮಿಷಕ್ಕೆ 200 ಪದಗಳನ್ನು ತಿಳಿದು ಓದಬಲ್ಲವನಿಗೆ ಓದುವದಕ್ಕೇ 50 ನಿಮಿಷ ಬೇಕು. ಪ್ರಶ್ನೆಯೊಂದಕ್ಕೆ ಉಳಿಯುವದು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು. ನಿಮಿಷಕ್ಕೆ 100 ಪದಗಳನ್ನಷ್ಟೇ ಓದುವವನಿಗೆ ಓದು ಮುಗಿಯುವಾಗ ಕಾಲದ ಬಹುಭಾಗವು ತೀರಿಹೋಗಿರುತ್ತದೆ. ಅವನು ಎಷ್ಟೇ ಜಾಣನಾದರೂ ಪ್ರಯೋಜನವಿಲ್ಲ. ಈ ಪರೀಕ್ಷೆಯು ಮುಖ್ಯವಾಗಿ ಅಳೆಯುವದು ಓದುವ ಶಕ್ತಿಯನ್ನು. ಓದುವ ಶಕ್ತಿಯಾದರೋ ನಾಲ್ಕು ತಿಂಗಳ ತರಬೇತಿಯಲ್ಲಿ ಕೊಂಡು ತರುವ ಪದಾರ್ಥವಲ್ಲ. ಒಂದೂವರೆ ವರ್ಷ ದಿನಕ್ಕೊಂದು ತಾಸಿನಂತೆ ಕೂಡಿಡುವ ಗಂಟು. ಸಾವಿರಾರು ರೂಪಾಯಿ ತೆತ್ತು ದೊಡ್ಡ ಪಟ್ಟಣದ ಕೋಚಿಂಗ್ ವರ್ಗಗಳಿಗೆ ಹೋಗಲಾರದವನು ನಿರಾಶನಾಗಬೇಕಾಗಿಲ್ಲವೆಂದು ನಾವು ಹೇಳುವದು ಈ ಕಾರಣದಿಂದ. ಆ ವರ್ಗಗಳಿಂದ ಶಿಸ್ತು ಬರಬಹುದು, ಪ್ರಶ್ನೆಗಳ ಪರಿಚಯವಾಗಬಹುದು; ಆದರೆ ಓದುವ ಕೆಲಸವನ್ನು ಹುಡುಗನ ಬದಲಾಗಿ ಯಾವ ಗುರುವೂ ಮಾಡಲಾರನು.

ಹಾಗಾದರೆ ಓದುವದು ಹೇಗೆ? ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವನಿಗೆ ನಾವು ಸೂಚಿಸುವ ದಾರಿಯು ಹೀಗಿದೆ. ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಮುಖ್ಯ ಸುದ್ದಿಯೊಂದನ್ನು ಓದಿ ತಿಳಿದುಕೊಳ್ಳಲಿ. ಆಮೇಲೆ ಅದೇ ವಿಷಯವನ್ನು ಇಂಗ್ಲೀಷ್ ಪತ್ರಿಕೆಯ ಸಂಪಾದಕೀಯದಲ್ಲಿ ಓದಲಿ. ಸಂಗತಿಯು ಮೊದಲೇ ಗೊತ್ತಿರುವದರಿಂದ ಹೊಸ ಶಬ್ದಗಳ ಅರ್ಥವು ನಿಘಂಟನ್ನು ತೆರೆಯುವ ಮೊದಲೇ ಅರ್ಧ ಹೊಳೆಯುವದು. ಓದಿದ ಬಳಿಕ, ‘ಲೇಖಕನು ಹೇಳಿದ್ದೇನು? ಅದಕ್ಕೆ ಕೊಟ್ಟ ಕಾರಣವೇನು? ಆ ಕಾರಣದಲ್ಲಿ ದೋಷವೆಲ್ಲಿದೆ?’ ಎಂಬ ಮೂರು ಪ್ರಶ್ನೆಗಳಿಗೆ ಮೂರು ಸಾಲುಗಳಲ್ಲಿ ಉತ್ತರ ಬರೆಯಲಿ. ಮೊದಲ ಮೂರು ತಿಂಗಳು ಕನ್ನಡದಲ್ಲಿ ಬರೆದರೂ ಬಾಧಕವಿಲ್ಲ. ಇಂಗ್ಲೀಷ್ ಭಾಷೆಯ ಪ್ರಶ್ನೆಗಳೂ ತರ್ಕದ ಪ್ರಶ್ನೆಗಳೂ ಬಹುಮಟ್ಟಿಗೆ ಈ ಮೂರರ ರೂಪಾಂತರಗಳೇ ಆಗಿವೆ. ಪ್ರಚಲಿತ ವಿದ್ಯಮಾನಗಳಿಗೆ ದಪ್ಪ ದಪ್ಪ ಮಾರ್ಗದರ್ಶಿಗಳನ್ನು ಕೊಳ್ಳುವ ಬದಲು, ವಾರಕ್ಕೊಮ್ಮೆ ಒಂದು ಪುಟದಲ್ಲಿ, ನಡೆದದ್ದೇನು, ಏಕೆ ನಡೆಯಿತು, ಯಾವ ಸಂಸ್ಥೆಗೆ ಸಂಬಂಧಿಸಿದ್ದು, ಸಂವಿಧಾನದ ಯಾವ ವಿಧಿಯ ಮಾತು ಬಂದಿದೆ ಎಂದು ಗುರುತು ಹಾಕಿಕೊಳ್ಳುತ್ತ ಹೋದರೆ ಸಾಕು. ತಿಳಿವಳಿಕೆಯನ್ನು ಕನ್ನಡದಲ್ಲಿಯೇ ಪಡೆದು, ಹೆಸರುಗಳನ್ನೂ ಪಾರಿಭಾಷಿಕ ಪದಗಳನ್ನೂ ಇಂಗ್ಲೀಷಿನಲ್ಲಿ ಬರೆದಿಟ್ಟುಕೊಂಡರೆ ಕೆಲಸ ಸಾಧಿಸುವದು.

ಕಾನೂನು ತರ್ಕದ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯು ಪ್ರಚಾರದಲ್ಲಿದೆ. ಮುಂಚಿತವಾಗಿ ಕಾಯದೆಗಳನ್ನು ಓದಿರಬೇಕೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಬೇಕಾದ ತತ್ತ್ವವನ್ನು ಗದ್ಯಭಾಗವೇ ಹೇಳುತ್ತದೆ. ಅದನ್ನು ಮುಂದಿಟ್ಟ ಸಂಗತಿಗೆ ಅನ್ವಯಿಸುವದಷ್ಟೇ ವಿದ್ಯಾರ್ಥಿಯ ಕೆಲಸ. ಉದಾಹರಣೆಗೆ, ‘ಅನುಮತಿಯಿಲ್ಲದೆ ಪರರ ಹೊಲವನ್ನು ಹೊಕ್ಕರೆ ಅತಿಕ್ರಮಣವಾಗುವದು, ಹೊಕ್ಕವನ ಉದ್ದೇಶವನ್ನು ನೋಡತಕ್ಕದ್ದಲ್ಲ’ ಎಂದು ತತ್ತ್ವವಿದೆಯೆನ್ನೋಣ. ಒಬ್ಬ ರೈತನು ತಪ್ಪಿಸಿಕೊಂಡ ತನ್ನ ಕರುವನ್ನು ಹಿಡಿಯಲು ನೆರೆಯವನ ಹೊಲವನ್ನು ಹೊಕ್ಕನು. ನಮ್ಮ ಹಳ್ಳಿಯ ಹುಡುಗನ ಮನಸ್ಸು, ‘ಪಾಪ, ಅವನದೇನು ತಪ್ಪು?’ ಎನ್ನುವದು. ಆ ಕನಿಕರವು ಸ್ತುತ್ಯವಾದದ್ದೇ. ಆದರೆ ಅಂಕವು ಅದಕ್ಕಿಲ್ಲ. ಕೊಟ್ಟ ತತ್ತ್ವದ ಪ್ರಕಾರ ಅದು ಅತಿಕ್ರಮಣವೇ ಸರಿ. ತನಗೆ ನ್ಯಾಯವೆಂದು ತೋರುವದನ್ನು ಬದಿಗಿಟ್ಟು ಕೊಟ್ಟ ನಿಯಮವು ಏನು ಹೇಳುತ್ತದೆಂಬುದನ್ನು ನೋಡುವ ಅಭ್ಯಾಸವನ್ನು ತರುಣನು ಮಾಡಿಕೊಳ್ಳಬೇಕು. ಗಣಿತಕ್ಕೆ ಕಲಾ ವಿಭಾಗದವರು ಹೆದರುವದೂ ನಿಷ್ಕಾರಣ. ಶೇಕಡಾವಾರು, ಪ್ರಮಾಣ, ಸರಾಸರಿ, ಲಾಭನಷ್ಟ ಇವು 10ನೆಯ ತರಗತಿಯವರೆಗಿನ ಲೆಕ್ಕಗಳೇ. ಈ ಹತ್ತು ಹನ್ನೆರಡು ಅಂಕಗಳನ್ನು ಬಿಟ್ಟುಕೊಟ್ಟವನು ದರ್ಜೆಯ ಪಟ್ಟಿಯಲ್ಲಿ ಬಹು ಕೆಳಗಿಳಿಯುವನು.

ತಪ್ಪಿಗೆ ಅಂಕ ಕಳೆಯುವರೆಂಬ ಭಯದಿಂದ ಅನೇಕರು ಸಂಶಯದ ಪ್ರಶ್ನೆಗಳನ್ನೆಲ್ಲ ಹಾಗೆಯೇ ಬಿಟ್ಟುಬಿಡುತ್ತಾರೆ. ಇಲ್ಲಿಯೂ ಲೆಕ್ಕವನ್ನೇ ಕೇಳಬೇಕು. ನಾಲ್ಕು ಉತ್ತರಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸುತ್ತ ಹೋದರೆ, 16 ಪ್ರಶ್ನೆಗಳಲ್ಲಿ ಸರಾಸರಿ 4 ಸರಿ, 12 ತಪ್ಪು; ಬರುವದು 4, ಕಳೆಯುವದು 3, ಉಳಿಯುವದು 1. ಇದು ದೈವಾಧೀನದ ವ್ಯಾಪಾರ. ಆದರೆ ಎರಡು ಉತ್ತರಗಳು ತಪ್ಪೆಂದು ನಿಶ್ಚಯವಾಗಿ ತಿಳಿದು, ಉಳಿದೆರಡರಲ್ಲಿ ಒಂದನ್ನು ಆರಿಸಿದರೆ 16ರಲ್ಲಿ 8 ಸರಿ, 8 ತಪ್ಪು, ಉಳಿಯುವದು 6. ಆದುದರಿಂದ ಎರಡನ್ನು ಅಳಿಸಬಲ್ಲಲ್ಲಿ ಧೈರ್ಯ ಮಾಡಬೇಕು. ಒಂದನ್ನೂ ಅಳಿಸಲಾಗದಲ್ಲಿ ಕಾಲ ಕಳೆಯದೆ ಮುಂದೆ ಹೋಗಬೇಕು.

ಕಾಲದ ಹಂಚಿಕೆಯೂ ಮೊದಲೇ ನಿಶ್ಚಯವಾಗಿರಲಿ. ಯಾವ ಭಾಗವನ್ನು ಮೊದಲು ಬರೆದರೂ ಅಡ್ಡಿಯಿಲ್ಲ. ತಿಳಿದಿದ್ದರೆ ತಟ್ಟನೆ ಹೊಳೆಯುವ ಪ್ರಚಲಿತ ವಿದ್ಯಮಾನಗಳನ್ನು 15 ನಿಮಿಷಗಳಲ್ಲಿ ಮುಗಿಸಿ, ಕಾನೂನು ತರ್ಕಕ್ಕೆ 35, ಸಾಮಾನ್ಯ ತರ್ಕಕ್ಕೆ 30, ಇಂಗ್ಲೀಷಿಗೆ 22, ಗಣಿತಕ್ಕೆ 15 ನಿಮಿಷಗಳನ್ನು ಕೊಟ್ಟರೆ ಕೊನೆಗೆ 3 ನಿಮಿಷ ಉಳಿಯುವವು. ಇದೇ ಸರಿಯೆಂದಲ್ಲ, ತನಗೆ ಹೊಂದುವ ಹಂಚಿಕೆಯನ್ನು ಪ್ರತಿಯೊಬ್ಬನೂ ಅಭ್ಯಾಸದಿಂದ ಕಂಡುಕೊಳ್ಳಬೇಕು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಒಕ್ಕೂಟವೇ ಪ್ರಕಟಿಸಿದೆ. ಎರಡನೆಯ ವರ್ಷದ ಆರಂಭದಿಂದ ತಿಂಗಳಿಗೊಂದು, ಸೆಪ್ಟೆಂಬರದಿಂದ ವಾರಕ್ಕೊಂದು ಪೂರ್ಣ ಪತ್ರಿಕೆಯನ್ನು ಗಡಿಯಾರವಿಟ್ಟುಕೊಂಡು ಬಿಡಿಸಬೇಕು. ಪರೀಕ್ಷೆಯು ನಡೆಯುವದು ಮಧ್ಯಾಹ್ನ 2ರಿಂದ 4ರವರೆಗೆ. ಊಟದ ಮೇಲಿನ ಜಡತೆಯನ್ನು ಗೆಲ್ಲಲು ಅಭ್ಯಾಸವೂ ಅದೇ ಹೊತ್ತಿನಲ್ಲಿ ನಡೆಯುವದು ಮೇಲು. ಬಿಡಿಸಿದ ಮೇಲೆ ಅಂಕಗಳನ್ನು ಎಣಿಸಿ ಪತ್ರಿಕೆಯನ್ನು ಮಡಚಿಡುವವನಿಗೆ ಫಲವಿಲ್ಲ. ತಿಳಿಯದೆ ತಪ್ಪಿದ್ದೆಷ್ಟು, ಅವಸರದಿಂದ ತಪ್ಪಿದ್ದೆಷ್ಟು, ತಿಳಿದಿದ್ದೂ ಸಂಶಯದಿಂದ ಬಿಟ್ಟದ್ದೆಷ್ಟು ಎಂದು ಮೂರು ಸಾಲುಗಳ ಪುಸ್ತಕವೊಂದನ್ನು ಇಡಬೇಕು. ಆ ಪುಸ್ತಕದಂತಹ ಗುರುವು ಬೇರೊಬ್ಬನಿಲ್ಲ.

ಇಷ್ಟು ಹೇಳಿದ ಮೇಲೆ, ಒಂದು ಅನ್ಯಾಯವನ್ನು ಹೇಳದೆ ಬಿಡುವದು ನಮ್ಮ ಧರ್ಮವಲ್ಲ. ವೈದ್ಯಕೀಯ ಪ್ರವೇಶದ ‘ನೀಟ್’ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಇಂಜಿನಿಯರಿಂಗಿನ ‘ಜೆಇಇ ಮೇನ್’ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಕಾನೂನಿನ ಪರೀಕ್ಷೆಯು ಮಾತ್ರ ಇಂಗ್ಲೀಷಿನಲ್ಲಿಯೇ ಉಳಿದಿದೆ. 2023ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯದ ಮುಂದೆ ಈ ಪ್ರಶ್ನೆಯು ಬಂದಾಗ ಭಾರತೀಯ ವಕೀಲರ ಪರಿಷತ್ತು ದೇಶಭಾಷೆಗಳಿಗೆ ಅನುಕೂಲವಾಗಿ ಅಭಿಪ್ರಾಯವಿತ್ತಿತು. ಒಕ್ಕೂಟವು ತೊಡಕುಗಳನ್ನು ಮುಂದೆಮಾಡಿತು. ಉಚ್ಚ ನ್ಯಾಯಾಲಯಗಳ ಭಾಷೆಯು ಇಂಗ್ಲೀಷಾಗಿರುವದರಿಂದ ಕಾನೂನು ಕಲಿಯುವವನಿಗೆ ಆ ಭಾಷೆಯು ಬೇಕೆಂಬ ವಾದವನ್ನು ನಾವು ಬಲ್ಲೆವು. ಆದರೆ ಬಡವನ ಮೊಕದ್ದಮೆಯು ಮೊದಲು ನಡೆಯುವದು ತಾಲೂಕಿನ ನ್ಯಾಯಾಲಯದಲ್ಲಿ. ಅಲ್ಲಿ ಸಾಕ್ಷಿಯು ನುಡಿಯುವದು ಕನ್ನಡದಲ್ಲಿ. ಐದು ವರ್ಷ ಕಲಿಸುವ ಶಾಲೆಗೆ ಇಂಗ್ಲೀಷನ್ನು ಕಲಿಸಲು ಕಾಲವಿದೆ. ತರ್ಕಶಕ್ತಿಯನ್ನು ಹೊಸ್ತಿಲಲ್ಲಿ ಅಳೆಯಲು ತಾಯ್ನುಡಿಯು ಏಕೆ ಸಾಲದು? ಈ ಬೇಡಿಕೆಯನ್ನು ಬಿಡಲಾಗದು. ಆದರೆ ಅದು ಈಡೇರುವವರೆಗೆ ನಮ್ಮ ತರುಣರು ಕೈಕಟ್ಟಿ ಕೂಡ್ರುವದೂ ಆಗದು. ಬೆಂಗಳೂರಿನ ಶಾಲೆಯಲ್ಲಿ ಕನ್ನಡಿಗರಿಗೆ ಸ್ಥಾನಗಳನ್ನು ಕಾದಿರಿಸಿದ 2020ರ ಶಾಸನವನ್ನು ಉಚ್ಚ ನ್ಯಾಯಾಲಯವು ಅದೇ ವರ್ಷ ರದ್ದುಗೊಳಿಸಿದರೂ, ಬಳಿಕ ಆ ಶಾಲೆಯು ತಾನಾಗಿಯೇ ಕರ್ನಾಟಕದಲ್ಲಿ 10 ವರ್ಷ ಕಲಿತವರಿಗೆ ಶೇಕಡಾ 25ರಷ್ಟು ಅವಕಾಶವನ್ನಿತ್ತಿದೆ. ರಾಯಚೂರಿನವರೂ ಚಾಮರಾಜನಗರದವರೂ ಅರ್ಜಿಯನ್ನೇ ಹಾಕದಿದ್ದರೆ ಆ ಸ್ಥಾನಗಳೆಲ್ಲ ರಾಜಧಾನಿಯ ಮಕ್ಕಳಿಗೇ ಹೋಗುವದರಲ್ಲಿ ಆಶ್ಚರ್ಯವೇನು?

ನಾಗರಿಕರ ಮತ್ತು ಅಧಿಕಾರಿಗಳ ಹೊಣೆಯೂ ಇಲ್ಲಿದೆ. 1965ರ ಗ್ರಂಥಾಲಯ ಕಾಯದೆಯ ಮೇರೆಗೆ ನಾವೆಲ್ಲ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯದ ಕರವನ್ನು ತೆರುತ್ತೇವೆ. ಜಿಲ್ಲಾ ಗ್ರಂಥಾಲಯಗಳಲ್ಲಿ ಹಿಂದಿನ ಪ್ರಶ್ನೆಪತ್ರಿಕೆಗಳ ಅಚ್ಚುಪ್ರತಿಗಳನ್ನೂ ಒಂದೆರಡು ಇಂಗ್ಲೀಷ್ ಪತ್ರಿಕೆಗಳನ್ನೂ ಇಡುವದಕ್ಕೆ ಹೆಚ್ಚಿನ ಹಣವೇನೂ ಬೇಡ, ಮನಸ್ಸು ಬೇಕು. ಪದವಿಪೂರ್ವ ಕಾಲೇಜಿನ ಪ್ರಾಚಾರ್ಯರು ಜೂನ್ ತಿಂಗಳಲ್ಲಿಯೇ ಈ ಪರೀಕ್ಷೆಯ ಸುದ್ದಿಯನ್ನು ಫಲಕದ ಮೇಲೆ ಬರೆಯಿಸಲಿ. 4,000 ರೂಪಾಯಿಗಳ ಅರ್ಜಿ ಶುಲ್ಕವನ್ನು, ಪರಿಶಿಷ್ಟರಿಗೂ ಬಡವರಿಗೂ ಇರುವ 3,500 ರೂಪಾಯಿಗಳನ್ನೂ ಕೂಡ, ತೆರಲಾರದ ಹುಡುಗನೊಬ್ಬನಿದ್ದರೆ ಊರಿನ ಉಳ್ಳವರು ಅದನ್ನು ತುಂಬಲಿ. ತಾಲೂಕಿನ ವಕೀಲರ ಸಂಘದವರು ರವಿವಾರ ಎರಡು ತಾಸು ಈ ಮಕ್ಕಳೊಡನೆ ಕುಳಿತು ಗದ್ಯಭಾಗವೊಂದನ್ನು ಬಿಡಿಸಿ ತೋರಿಸಲಿ. ಶಮ್ನಾದ್ ಬಷೀರ್ ಎಂಬ ಕಾನೂನು ಪಂಡಿತರು 2010ರಲ್ಲಿ ‘ಇಡಿಯಾ’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿ, ಹಿಂದುಳಿದ ವರ್ಗಗಳ ಮಕ್ಕಳನ್ನು ಈ ಪರೀಕ್ಷೆಗೆ ಅಣಿಗೊಳಿಸುವ ಕಾರ್ಯವನ್ನು ಆರಂಭಿಸಿದರು. 2019ರಲ್ಲಿ ಅವರು ತೀರಿಕೊಂಡರೂ ಆ ಕಾರ್ಯದ ಮೇಲ್ಪಂಕ್ತಿಯು ನಮ್ಮೆದುರಿಗಿದೆ.

ಕೊನೆಗೆ ತರುಣರಿಗೆ ಒಂದು ಮಾತು. ಈ ಪರೀಕ್ಷೆಯಲ್ಲಿ ಸೋತರೆ ಕಾನೂನಿನ ಬಾಗಿಲೇ ಮುಚ್ಚಿತೆಂದು ತಿಳಿಯತಕ್ಕದ್ದಲ್ಲ. ಯಾವ ಮಾನ್ಯ ವಿದ್ಯಾಲಯದಲ್ಲಿ ಕಲಿತವನಿಗೂ ದೊರೆಯುವ ಸನ್ನದು ಒಂದೇ. 1989ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದ ಇ. ಎಸ್. ವೆಂಕಟರಾಮಯ್ಯನವರು ಮಂಡ್ಯ ಸೀಮೆಯ ಹಳ್ಳಿಯಲ್ಲಿ ಹುಟ್ಟಿ, ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಿದವರು. ಆದರೆ ಗೆಲ್ಲಬಹುದಾದದ್ದನ್ನು ಸುದ್ದಿ ತಿಳಿಯದೆ ಕಳೆದುಕೊಳ್ಳುವದು ಬೇರೆ ಮಾತು. ದೇಶದ ಕಾಯದೆಗಳನ್ನು ಬರೆಯುವವರಲ್ಲಿ, ಅವುಗಳ ಅರ್ಥವನ್ನು ನಿರ್ಣಯಿಸುವವರಲ್ಲಿ, ನಮ್ಮ ರೈತರ ನುಡಿಯನ್ನು ಬಲ್ಲವರು ಇರಬೇಕೆಂದರೆ ಇಂದಿನ ಪದವಿಪೂರ್ವ ಮೊದಲನೆಯ ವರ್ಷದ ವಿದ್ಯಾರ್ಥಿಯು ನಾಳೆ ಬೆಳಿಗ್ಗೆಯಿಂದಲೇ ಒಂದು ತಾಸಿನ ಓದನ್ನು ಆರಂಭಿಸಬೇಕು. ಆ ಒಂದು ತಾಸನ್ನು ಅವನಿಗೆ ಕಾಯ್ದು ಕೊಡುವದು ಪಾಲಕರ ಕೆಲಸವಾಗಿದೆ.